ಶುಕ್ರವಾರವೇ ಬಾರದ ವಾರ

ಪೆಸಿಫಿಕ್ ಮಹಾಸಾಗರದ ನಡುವೆ ಸಮೋವಾ ದ್ವೀಪಗಳಿವೆ. ಜನ ಒಂದೇ, ಭಾಷೆ ಒಂದೇ, ಆಡಳಿತ ಮಾತ್ರ ಎರಡು. ಪಶ್ಚಿಮದ ದ್ವೀಪಗಳು ಸ್ವತಂತ್ರ ದೇಶ, ರಾಜಧಾನಿ ಆಪಿಯಾ. ಪೂರ್ವದವು ಅಮೆರಿಕಕ್ಕೆ ಸೇರಿದ ಅಮೆರಿಕನ್ ಸಮೋವಾ, ಅಲ್ಲಿನ ಮುಖ್ಯ ಊರು ಪಾಗೊ ಪಾಗೊ. ಎರಡು ಊರುಗಳ ನಡುವೆ ಸುಮಾರು 125 ಕಿಲೋಮೀಟರ್ ದೂರ. ಚಿಕ್ಕ ವಿಮಾನದಲ್ಲಿ ಒಂದು ಗಂಟೆಯೂ ಬೇಕಾಗಿಲ್ಲ.

ಎರಡೂ ಕಡೆ ಗಡಿಯಾರ ಒಂದೇ ಸಮಯ ತೋರಿಸುತ್ತದೆ, ಕ್ಯಾಲೆಂಡರ್ ಮಾತ್ರ ಬೇರೆ. ನಮ್ಮಲ್ಲಿ ಶುಕ್ರವಾರ ಮಧ್ಯಾಹ್ನ 1.30 ಎಂದಿಟ್ಟುಕೊಳ್ಳಿ, ಜುಮಾ ನಮಾಜಿನ ಹೊತ್ತು. ಆಗ ಆಪಿಯಾದಲ್ಲಿ ಶುಕ್ರವಾರ ರಾತ್ರಿ 9 ಗಂಟೆ. ಪಾಗೊ ಪಾಗೊದಲ್ಲೂ ರಾತ್ರಿ 9 ಗಂಟೆಯೇ, ಆದರೆ ಗುರುವಾರ!

ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶದಿಂದ ಲೆಕ್ಕ ಹಾಕುವುದರಿಂದ ನಾವು ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದ್ದೇವೆ. ಪೂರ್ವಕ್ಕೆ ಕೂಡುತ್ತಾ, ಪಶ್ಚಿಮಕ್ಕೆ ಕಳೆಯುತ್ತಾ ಹೋದರೆ 180 ಡಿಗ್ರಿಯ ಬಳಿ ಎರಡು ಲೆಕ್ಕಗಳ ನಡುವೆ ಒಂದು ದಿನದ ವ್ಯತ್ಯಾಸ ಬರುತ್ತದೆ. ಅಲ್ಲಿರುವುದೇ ಅಂತರರಾಷ್ಟ್ರೀಯ ದಿನಾಂಕ ರೇಖೆ. ಭೂಗೋಳದ ಪಾಠ ಇಲ್ಲಿಗೆ ಮುಗಿಯಿತು. ಆ ರೇಖೆಯ ಯಾವ ಬದಿಯಲ್ಲಿರಬೇಕು ಎಂಬುದನ್ನು ಆಯಾ ದೇಶವೇ ನಿರ್ಧರಿಸಿಕೊಳ್ಳಬಹುದು. ಸಮೋವಾದಲ್ಲಿ ಅದನ್ನು ನಿರ್ಧರಿಸಿದ್ದು ವ್ಯಾಪಾರ.

1892ರಲ್ಲಿ ಸಮೋವಾ ಅಮೆರಿಕದ ಜೊತೆ ವ್ಯಾಪಾರ ಮಾಡುತ್ತಿತ್ತು. ಅಲ್ಲಿನ ವ್ಯಾಪಾರಿಗಳ ಮಾತು ಕೇಳಿ ರಾಜ ಅಮೆರಿಕದ ದಿನಾಂಕಕ್ಕೆ ಒಪ್ಪಿದ. ಜುಲೈ 4 ಎರಡು ಸಲ ಬಂತು. ಅಧಿಕ ವರ್ಷವಾದ್ದರಿಂದ ಆ ವರ್ಷ ಒಟ್ಟು 367 ದಿನ.

ನಂತರ ಕಾಲ ಬದಲಾಯಿತು. ಆಮದು, ಕೆಲಸಕ್ಕೆ ಹೋದವರು, ಅವರು ಮನೆಗೆ ಕಳಿಸುವ ಹಣ ಎಲ್ಲವೂ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾದ ಕಡೆಗೆ ತಿರುಗಿತು. ಸಮೋವಾದಲ್ಲಿ ಶುಕ್ರವಾರ ಕಚೇರಿ ತೆರೆದರೆ ಅಲ್ಲಿ ಶನಿವಾರದ ರಜೆ. ಅಲ್ಲಿ ಸೋಮವಾರ ವ್ಯವಹಾರ ಶುರುವಾದರೆ ಇಲ್ಲಿ ಜನ ಭಾನುವಾರದ ಚರ್ಚಿನಲ್ಲಿ. ವಾರಕ್ಕೆ ಎರಡು ಕೆಲಸದ ದಿನ ನಷ್ಟ! ಅಲ್ಲಿನ ಅಗ್ಗದ ಹಳೆಯ ಕಾರುಗಳನ್ನು ತರಿಸಲು ಅನುಕೂಲವಾಗಲೆಂದು 2009ರಲ್ಲೇ ಸಮೋವಾ ರಸ್ತೆಯ ಬಲಬದಿಯಿಂದ ಎಡಬದಿಗೆ ಬದಲಾಗಿತ್ತು. 2011ರಲ್ಲಿ ದಿನವನ್ನೇ ಬದಲಾಯಿಸಿತು. ಡಿಸೆಂಬರ್ 29ರ ಗುರುವಾರ ಮಧ್ಯರಾತ್ರಿ ಕಳೆದೊಡನೆ 31ರ ಶನಿವಾರ. ನಗದು ಪುಸ್ತಕದಲ್ಲಿ 30ನೇ ತಾರೀಖು ಹಾಕಲು ದಿನವೇ ಇರಲಿಲ್ಲ. ಆದರೂ ಆ ಶುಕ್ರವಾರದ ಸಂಬಳವನ್ನು ಕೆಲಸಗಾರರಿಗೆ ಪೂರ್ತಿ ಕೊಡಬೇಕೆಂದು ಸರ್ಕಾರ ಆದೇಶಿಸಿತು. ಇದು ನನಗೆ ಬಹಳ ನ್ಯಾಯವೆನಿಸುತ್ತದೆ.

ಅಮೆರಿಕನ್ ಸಮೋವಾ ಕದಲಲಿಲ್ಲ. ಅಲ್ಲಿ ನಡೆಯುವುದು ಡಾಲರ್. ದೊಡ್ಡ ಉದ್ಯೋಗವೆಂದರೆ ಟ್ಯೂನಾ ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ, ಆ ಡಬ್ಬಿಗಳು ಹೋಗುವುದು ಅಮೆರಿಕಕ್ಕೆ.

ಇಷ್ಟಾದರೂ ಎರಡೂ ಕಡೆಯ ಹಳ್ಳಿಗಳ ಸಂಜೆ ಒಂದೇ ಬಗೆ. ಸೂರ್ಯ ಮುಳುಗುವ ಹೊತ್ತಿಗೆ ಗಂಟೆಯ ಅಥವಾ ಶಂಖದ ಸದ್ದು ಕೇಳುತ್ತದೆ, ಓಡಾಟ ನಿಲ್ಲುತ್ತದೆ, ಮನೆಮಂದಿ ಒಟ್ಟಿಗೆ ಕೂತು ಪ್ರಾರ್ಥಿಸುತ್ತಾರೆ. ಈ ಹೊತ್ತಿಗೆ ‘ಸಾ’ ಎಂದು ಹೆಸರು. ನಮ್ಮ ಮೊಹಲ್ಲಾದ ಮಗ್ರಿಬ್ ಹೊತ್ತು ನೆನಪಾಗುತ್ತದೆ.

ದಿನ ಬದಲಾದಾಗ ಪೇಚಿಗೆ ಸಿಕ್ಕವರು ಶನಿವಾರವನ್ನು ಪವಿತ್ರ ದಿನವಾಗಿ ಪಾಲಿಸುವ ಸೆವೆಂತ್ ಡೇ ಅಡ್ವೆಂಟಿಸ್ಟ್ ಕ್ರೈಸ್ತರು. ಸರ್ಕಾರ ಹೆಸರು ಬದಲಾಯಿಸಿದ ಮಾತ್ರಕ್ಕೆ ಏಳನೆಯ ದಿನ ಬದಲಾಗುತ್ತದೆಯೇ? ಇಲ್ಲವೆಂದು ಅವರ ಚರ್ಚು ಸಮೋವಾದಲ್ಲಿ ಭಾನುವಾರ ಆರಾಧನೆ ನಡೆಸತೊಡಗಿತು. ಇದನ್ನು ಒಪ್ಪದ ಕೆಲವರು ಶನಿವಾರವನ್ನೇ ಹಿಡಿದು ಬೇರೆಯಾದರು.

ಸಮೋವಾದಲ್ಲಿ ಮುಸ್ಲಿಮರು ಬಹಳ ಕಡಿಮೆ, ಆದರೆ ಇದ್ದಾರೆ. ಗುರುವಾರ ಸೂರ್ಯ ಮುಳುಗಿದರೆ ನಮಗೆ ಶಬೇ ಜುಮಾ ಶುರು. ಆ ಗುರುವಾರ ಅಲ್ಲಿ ಶಬೇ ಜುಮಾ ಶುರುವಾಯಿತು, ಬೆಳಗಾದಾಗ ಮಾತ್ರ ಶನಿವಾರ. ಡಿಸೆಂಬರ್ 23ರ ನಂತರ ಅವರ ಕ್ಯಾಲೆಂಡರಿನಲ್ಲಿ ಮುಂದಿನ ಶುಕ್ರವಾರ ಬಂದದ್ದು 13 ದಿನ ಕಳೆದ ಮೇಲೆ, ಜನವರಿ 6ಕ್ಕೆ. ಪಾಗೊ ಪಾಗೊದಲ್ಲಿ ಡಿಸೆಂಬರ್ 30ರ ಶುಕ್ರವಾರ ಎಂದಿನಂತೆ ಬಂದು ಹೋಯಿತು.