ದುರ್ಬಲ ಆಮ್ಲದ ವಿಯೋಜನ ಸ್ಥಿರಾಂಕವನ್ನು ಅಳೆಯುವ ಬಗೆ

ಹುಳಿಯೆಂಬುದು ನಾಲಗೆಗೆ ಒಂದೇ ರುಚಿಯಾಗಿ ತೋರಿದರೂ ರಸಾಯನಶಾಸ್ತ್ರವು ಅದರಲ್ಲಿ ತರತಮವನ್ನು ಕಾಣುತ್ತದೆ. ಹೈಡ್ರೋಕ್ಲೋರಿಕ್ ಆಮ್ಲವು ನೀರಿನಲ್ಲಿ ಬಹುಮಟ್ಟಿಗೆ ಪೂರ್ಣವಾಗಿ ಅಯಾನುಗಳಾಗುತ್ತದೆ. ವಿನೆಗರಿನ ಸತ್ತ್ವವಾದ ಅಸಿಟಿಕ್ ಆಮ್ಲದಲ್ಲಾದರೋ, 0.1 ನಾರ್ಮಲ್ ದ್ರಾವಣದಲ್ಲಿ ನೂರಕ್ಕೆ ಸುಮಾರು 1.3 ಅಣುಗಳು ಮಾತ್ರ ಹಾಗೆ ಬೇರ್ಪಡುತ್ತವೆ. ಈ ಬೇರ್ಪಡುವ ಒಲವನ್ನು ಅಂಕೆಯಲ್ಲಿ ಹೇಳುವುದೇ ವಿಯೋಜನ ಸ್ಥಿರಾಂಕ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಅಸಿಟಿಕ್ ಆಮ್ಲಕ್ಕೆ ಅದು 1.75 × 10⁻⁵; ಋಣ ಲಘುಗಣಕವಾಗಿ, ಅಂದರೆ ಪಿಕೆಎ ಎಂದು ಬರೆದರೆ, 4.76.

ಕೆಲವರು ಇದನ್ನು 'ವಿಘಟನ ಸ್ಥಿರಾಂಕ'ವೆನ್ನುವುದುಂಟು. ಒಡೆದದ್ದು ಮತ್ತೆ ಕೂಡದೆಂಬ ಧ್ವನಿ ಆ ಶಬ್ದಕ್ಕಿದೆ. ದ್ರಾವಣದಲ್ಲಿಯಾದರೆ ಅಗಲುವಿಕೆಯೂ ಕೂಡುವಿಕೆಯೂ ಎಡೆಬಿಡದೆ ಏಕಕಾಲದಲ್ಲಿ ನಡೆಯುತ್ತವೆ. ಯೋಗದ ನೆನಪನ್ನು ಒಡಲಲ್ಲಿರಿಸಿಕೊಂಡ 'ವಿಯೋಜನ'ವೇ ಲೇಸೆಂದು ನನ್ನ ಮತ.

1888ರಲ್ಲಿ ಓಸ್ಟ್‌ವಾಲ್ಡ್ ವಿದ್ಯುದ್ವಾಹಕತೆಯ ಮೂಲಕ ಈ ಸ್ಥಿರಾಂಕಕ್ಕೆ ದಾರಿ ತೋರಿದನು. 1909ರಲ್ಲಿ ಸೋರೆನ್‌ಸೆನ್ ಪಿಎಚ್ ಮಾನವನ್ನು ಕೊಟ್ಟನು. ವಿದ್ಯಾರ್ಥಿಗಳಿಗೆ ಸುಲಭವಾದುದು ಅರೆತಟಸ್ಥೀಕರಣದ ಕ್ರಮ. ಪಿಎಚ್ ಮಾಪಕವನ್ನು ಬಫರ್ ದ್ರಾವಣಗಳಿಂದ ಮೊದಲು ಸರಿಹೊಂದಿಸಿ, 0.1 ನಾರ್ಮಲ್ ಆಮ್ಲವನ್ನು 20 ಮಿಲಿಲೀಟರಿನಷ್ಟು ಬೀಕರಿಗೆ ತೆಗೆದುಕೊಂಡು, ಅಷ್ಟೇ ಪ್ರಬಲತೆಯ ಸೋಡಿಯಂ ಹೈಡ್ರಾಕ್ಸೈಡನ್ನು ಬ್ಯೂರೆಟ್ಟಿನಿಂದ ಬಿಡಬೇಕು. 20 ಮಿಲಿಲೀಟರಿನ ಹತ್ತಿರ ಎರಡು ಹನಿಗಳೊಳಗೆ ಪಿಎಚ್ 7ರ ಆಸುಪಾಸಿನಿಂದ 10ಕ್ಕೆ ಹಾರುತ್ತದೆ, ಅದೇ ಅಂತ್ಯಬಿಂದು. ಅದರ ಅರ್ಧದಲ್ಲಿ, ಅಂದರೆ 10 ಮಿಲಿಲೀಟರಿನಲ್ಲಿ, ಉಳಿದ ಆಮ್ಲವೂ ಉಂಟಾದ ಅಸಿಟೇಟೂ ಸಮವಾಗಿರುವುದರಿಂದ ಅಲ್ಲಿಯ ಪಿಎಚ್ ತಾನೇ ಪಿಕೆಎ ಆಗುತ್ತದೆ. ಅಲ್ಲಿ ರೇಖೆಯು ಚಪ್ಪಟೆಯಾಗಿರುವುದು ಕಲಿಯುವವನ ಭಾಗ್ಯ: ಅರ್ಧ ಮಿಲಿಲೀಟರ್ ತಪ್ಪಿದರೂ ಫಲಿತಾಂಶವು 0.04ರಷ್ಟೇ ಕದಲುತ್ತದೆ.

ಇನ್ನು ಅಧ್ಯಾಪಕ ಮಿತ್ರರು ಗಮನಿಸಬೇಕಾದ ವಿಷಯವೊಂದುಂಟು. ಮಾಪಕವು ಅಲ್ಲಿ 4.76ನ್ನು ತೋರುವುದಿಲ್ಲ, ಎಲ್ಲವೂ ಸರಿಯಿದ್ದರೆ ತೋರುವುದು 4.68ರ ಸುಮಾರು. ಇದು ಹುಡುಗನ ಕೈತಪ್ಪಲ್ಲ. ಕೋಷ್ಟಕದ ಅಂಕೆಯು ಅಪಾರ ನೀರಿನಲ್ಲಿ ಅತ್ಯಲ್ಪ ಅಯಾನುಗಳಿರುವ ಆದರ್ಶ ಸ್ಥಿತಿಗೆ ಸಂಬಂಧಿಸಿದುದು. ನಮ್ಮ ಬೀಕರಿನಲ್ಲಿಯಾದರೆ ಸೋಡಿಯಂ ಅಯಾನುಗಳೂ ಅಸಿಟೇಟ್ ಅಯಾನುಗಳೂ ಕಿಕ್ಕಿರಿದಿದ್ದು, ಪರಸ್ಪರ ಆಕರ್ಷಣೆಯಿಂದ ಅಸಿಟೇಟಿನ ಕಾರ್ಯಶಕ್ತಿ ಕುಗ್ಗಿರುತ್ತದೆ. ಪುಸ್ತಕದ ಅಂಕೆಗೆ ಹೊಂದಿದರೆ ಮಾತ್ರ ಪೂರ್ಣ ಅಂಕವೆಂಬ ರೂಢಿ ಎಷ್ಟೋ ಪ್ರಯೋಗಶಾಲೆಗಳಲ್ಲಿದೆ. ಅದರ ಫಲವಾಗಿ, ಕಂಡದ್ದನ್ನು ಕಂಡಂತೆ ಬರೆದವನು ಅಂಕ ಕಳೆದುಕೊಳ್ಳುತ್ತಾನೆ, 4.76 ಎಂದು ತಿದ್ದಿದವನು ಜಾಣನೆನಿಸಿಕೊಳ್ಳುತ್ತಾನೆ. ಪರಿಶೀಲಿಸಬೇಕಾದುದು ಎರಡನೆಯವನ ಪುಸ್ತಕವನ್ನು.

ಹೇಳಿದರೆ ನಂಬದ ವಿದ್ಯಾರ್ಥಿಗೆ ಮಾಡಿಯೇ ತೋರಿಸಬಹುದು. ಆಮ್ಲವನ್ನೂ ಕ್ಷಾರವನ್ನೂ ಹತ್ತು ಪಟ್ಟು ತೆಳುಗೊಳಿಸಿ, 0.01 ನಾರ್ಮಲ್ ದ್ರಾವಣಗಳಿಂದ ಅದೇ ಪ್ರಯೋಗವನ್ನು ಪುನಃ ಮಾಡಿಸಬೇಕು. ಆಗ ತಾನೇ ಕುದಿಸಿ ಆರಿಸಿದ ನೀರನ್ನು ಬಳಸಿದರೆ ಗಾಳಿಯ ಇಂಗಾಲಾಮ್ಲದ ತೊಡಕು ತಪ್ಪುತ್ತದೆ. ಈ ಸಲ ಮಾಪಕದ ಅಂಕೆಯು 4.73ರ ಸಮೀಪಕ್ಕೆ ಏರುತ್ತದೆ.