ತಪ್ಪಿದ ಮಗುವಿಗೆ ಮರಳುವ ದಾರಿ



ಮಾನ್ವಿಯ ಸಂತೆಯಲ್ಲಿ ಹದಿನಾರರ ಹುಡುಗನೊಬ್ಬ ಅಂಗಡಿಯ ಗಲ್ಲಾಪೆಟ್ಟಿಗೆಗೆ ಕೈ ಹಾಕಿ ಸಿಕ್ಕಿಬಿದ್ದನೆಂದು ಭಾವಿಸೋಣ. "ನಾಲ್ಕು ಬಾರಿಸಿ ಒಳಗೆ ಹಾಕಿ" ಎನ್ನುವವರೇ ಹೆಚ್ಚು. "ಪಾಪ, ಬಿಟ್ಟುಬಿಡಿ" ಎನ್ನುವವರು ಒಬ್ಬಿಬ್ಬರು. ಆದರೆ ಎರಡರಲ್ಲೂ ಅಂಗಡಿಯವನ ನಷ್ಟ ತುಂಬಲಿಲ್ಲ, ಹುಡುಗ ಏನನ್ನೂ ಕಲಿಯಲಿಲ್ಲ.

ಧರ್ಮಸಭೆ ನಮಗೆ ಮೂರನೆಯ ದಾರಿಯನ್ನು ತೋರುತ್ತದೆ. ಪಾಪನಿವೇದನೆಯ ಸಂಸ್ಕಾರದಲ್ಲಿ ನಮ್ಮಿಂದ ಮೂರನ್ನು ಕೇಳಲಾಗುತ್ತದೆ: ಪಶ್ಚಾತ್ತಾಪ, ನಿವೇದನೆ, ಪರಿಹಾರ. ಕ್ಷಮೆಯು ಪಾಪವನ್ನು ನೀಗಿಸಿದರೂ ಅದರಿಂದಾದ ಹಾನಿಯನ್ನೆಲ್ಲ ಸರಿಪಡಿಸುವುದಿಲ್ಲ. ಆದ್ದರಿಂದ ಕದ್ದದ್ದನ್ನು ಹಿಂದಿರುಗಿಸಬೇಕೆಂದು ಕಥೋಲಿಕ ಧರ್ಮೋಪದೇಶ (ಸಂಖ್ಯೆ 1459) ಕಲಿಸುತ್ತದೆ. ಜಕ್ಕಾಯನನ್ನು ನೆನೆಯಿರಿ (ಲೂಕ 19). ಜನ ಗೊಣಗಿದರು, ಯೇಸುಸ್ವಾಮಿಯೋ ಅವನ ಮನೆಗೇ ಹೋದರು. ಆಗ ಅವನು ತಾನಾಗಿಯೇ ಎದ್ದುನಿಂತು ನಾಲ್ಕರಷ್ಟು ಹಿಂದಿರುಗಿಸುವೆನೆಂದನು. ಸ್ವಾಗತ ಮೊದಲು, ಪರಿಹಾರ ಆಮೇಲೆ. ಆದರೆ ಪರಿಹಾರ ತಪ್ಪಲಿಲ್ಲ.

1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ಯುವಕರು ಕುಡಿದು 22 ಜನರ ಆಸ್ತಿ ಹಾಳುಮಾಡಿದ್ದರು. ಅವರು ಹಾನಿಗೊಳಗಾದವರ ಮನೆಬಾಗಿಲಿಗೆ ಹೋಗಿ, ತಪ್ಪೊಪ್ಪಿಕೊಂಡು, ನಷ್ಟ ತುಂಬಿಕೊಡುವಂತಾಯಿತು. ಸಂಬಂಧ ಜೋಡಿಸುವ ಈ ಬಗೆಯ ನ್ಯಾಯ ಮುಂದೆ ಅನೇಕ ದೇಶಗಳಿಗೆ ಹರಡಿತು.

ನಮ್ಮ ದೇಶದ 2015ರ ಬಾಲ ನ್ಯಾಯ ಕಾಯ್ದೆಯೂ ಇದಕ್ಕೆ ದೂರವಲ್ಲ. ಹದಿನೆಂಟು ತುಂಬದವರನ್ನು ಪೊಲೀಸ್ ಲಾಕಪ್ಪಿನಲ್ಲಿ ಇಡುವಂತಿಲ್ಲ. ಪ್ರಕರಣವನ್ನು ವಿಚಾರಿಸುವುದು ಒಬ್ಬ ಮ್ಯಾಜಿಸ್ಟ್ರೇಟರು ಮತ್ತು ಇಬ್ಬರು ಸಮಾಜಸೇವಕರಿರುವ ಬಾಲ ನ್ಯಾಯ ಮಂಡಳಿ. ಈ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಂಡಳಿಯು ಬುದ್ಧಿ ಹೇಳಬಹುದು, ಆಪ್ತಸಲಹೆಗೆ ಕಳುಹಿಸಬಹುದು, ಯಾವುದಾದರೂ ಸಂಸ್ಥೆ ಅಥವಾ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿ ಸಮುದಾಯ ಸೇವೆ ಮಾಡಿಸಬಹುದು. ಮಗುವನ್ನು ಗೃಹದಲ್ಲಿ ಇರಿಸುವುದು ಕೊನೆಯ ಉಪಾಯ. ಹದಿನಾರು ದಾಟಿದವರ ಘೋರ ಅಪರಾಧಗಳಿಗೆ ಬೇರೆ ಕ್ರಮವಿದೆ. ಇಲ್ಲಿ ಆ ಮಾತಲ್ಲ.

ಹಾಗಾದರೆ ಕೊರತೆ ಎಲ್ಲಿ? ಮಕ್ಕಳ ರಕ್ಷಣೆಯ 'ಮಿಷನ್ ವಾತ್ಸಲ್ಯ' ಯೋಜನೆಗೆ ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ ಹಣ ನೀಡುತ್ತವೆ. ಆದರೆ ಮಗು ಮರಳುವುದು ದೆಹಲಿಗಲ್ಲ, ಬೆಂಗಳೂರಿಗಲ್ಲ, ತನ್ನ ಓಣಿಗೆ. ದೇವದುರ್ಗದ ಕೂಲಿಕಾರ ತಾಯಿ ಮಗನೊಂದಿಗೆ ರಾಯಚೂರಿಗೆ ಹೋದರೆ ಬಸ್ ಚಾರ್ಜಿನ ಜೊತೆಗೆ ಆ ದಿನದ ಕೂಲಿಯೂ ಹೋಯಿತು. ಆಪ್ತಸಲಹೆಗಾರರು ತಾಲೂಕಿಗೇ ಬಂದರೆ, ಹುಡುಗನಿಗೊಂದು ಕಸುಬು ಕಲಿಸಿದರೆ, ಅಂಗಡಿಯವನೊಂದಿಗೆ ಕೂತು ಮಾತಾಡಿಸುವ ಹಿರಿಯರೊಬ್ಬರಿದ್ದರೆ ಎಷ್ಟೋ ಆಗುತ್ತದೆ. ಹಾನಿಗೊಳಗಾದವರನ್ನು ಮಾತ್ರ ಈ ಭೇಟಿಗೆ ಬಲವಂತ ಮಾಡಬಾರದು. ಅವರ ನೋವೂ ನೋವೇ.

ಇದಕ್ಕೆ ಬೇಕಾದದ್ದು ದೊಡ್ಡ ಮೊತ್ತವಲ್ಲ. ರಸ್ತೆ, ಚರಂಡಿಗೆ ಹಣ ಕೇಳುವ ನಾವು ಗ್ರಾಮಸಭೆಯಲ್ಲಿ, ಪುರಸಭೆಯ ಸದಸ್ಯರ ಬಳಿ ಇದಕ್ಕಾಗಿಯೂ ಬಜೆಟ್ಟಿನಲ್ಲಿ ಒಂದಿಷ್ಟು ತೆಗೆದಿಡಿರೆಂದು ಕೇಳಬಾರದೇಕೆ? ನಮ್ಮ ರಾಜ್ಯದಲ್ಲಿ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನೂ ನಡೆಸುತ್ತವೆ. ಅಲ್ಲಿ ಮಕ್ಕಳೇ ಇದನ್ನು ಕೇಳಬಹುದು. ಸಮುದಾಯ ಸೇವೆಯ ಮೇಲ್ವಿಚಾರಣೆಗೆ ನಮ್ಮ ಧರ್ಮಕೇಂದ್ರಗಳೂ ಮುಂದೆ ಬರಬಹುದು.

ಹಣವಿಲ್ಲದೆ ಇಂದೇ ಮಾಡಬಹುದಾದದ್ದೂ ಒಂದಿದೆ: ಆ ಮಗುವಿನ ಹೆಸರನ್ನು ಬಾಯಿಂದ ಬಾಯಿಗೆ ಹರಡದಿರುವುದು. ಗುರುತು ಬಯಲು ಮಾಡುವ ಪ್ರಕಟಣೆಯನ್ನು ಕಾನೂನು ನಿಷೇಧಿಸಿದೆ; ಚಾಡಿಮಾತನ್ನು ದೇವರ ಆಜ್ಞೆ ನಿಷೇಧಿಸಿದೆ. 'ಕಳ್ಳ' ಎಂಬ ಹೆಸರು ಒಮ್ಮೆ ಅಂಟಿದರೆ ಹುಡುಗ ಆ ಹೆಸರಿಗೆ ತಕ್ಕಂತೆ ಬೆಳೆದಾನು.

ಕುಟುಂಬದಲ್ಲಿ ಚಿಂತನೆಗೆ:
1. ನಮ್ಮ ಮನೆಯಲ್ಲಿ ಮಗು ತಪ್ಪಿದಾಗ ಹೊಡೆತಕ್ಕೆ ನಿಲ್ಲಿಸುತ್ತೇವೆಯೋ, ಆದ ಹಾನಿಯನ್ನು ಅದರ ಕೈಯಿಂದಲೇ ಸರಿಪಡಿಸುತ್ತೇವೆಯೋ?
2. ವೀಕ್ಷಣಾಲಯದಿಂದ ಮರಳಿದ ಹುಡುಗ ಭಾನುವಾರ ಪೂಜೆಗೆ ಬಂದರೆ, ನಮ್ಮ ಬೆಂಚಿನಲ್ಲಿ ಅವನಿಗೆ ಜಾಗವಿದೆಯೇ?