ಸಾಮ್ಯವಾದಕ್ಕೆ ಸರಕಾರವಿತ್ತ ಎರಡು ಉತ್ತರಗಳು

ಎರಡನೆಯ ಮಹಾಯುದ್ಧವು ಮುಗಿದ ತರುವಾಯ ಲೋಕದ ಅನೇಕ ಸರಕಾರಗಳ ನಿದ್ದೆಗೆಡಿಸಿದ ಪ್ರಶ್ನೆಯೊಂದಿತ್ತು. ಸಾಮ್ಯವಾದದ, ಎಂದರೆ ಕಮ್ಯುನಿಸಮ್ಮಿನ, ಪ್ರಸಾರವನ್ನು ತಡೆಯುವುದು ಹೇಗೆ ಎಂಬುದೇ ಆ ಪ್ರಶ್ನೆ. 1947ರ ಮಾರ್ಚ್ ತಿಂಗಳಲ್ಲಿ ಅಮೇರಿಕದ ಅಧ್ಯಕ್ಷ ಟ್ರೂಮನ್ನರು ಗ್ರೀಸ್ ಮತ್ತು ತುರ್ಕಸ್ಥಾನಗಳಿಗೆ ನೆರವು ಬೇಡಿದರು. ಮುಂದೆ ಮಾರ್ಶಲ್ ಯೋಜನೆ ಬಂದಿತು. 1950ರಲ್ಲಿ ಕೊರಿಯದಲ್ಲಿ ಯುದ್ಧವೇ ಹೊತ್ತಿಕೊಂಡಿತು. ಇವನ್ನೆಲ್ಲ ನಾವು ತರಗತಿಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದವರೇ. ಆದರೆ ಇದೇ ಪ್ರಶ್ನೆಯು ನಮ್ಮ ಬೀದರ ಜಿಲ್ಲೆಯು ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿಯೂ ಎದ್ದಿತ್ತೆಂಬುದನ್ನು, ಅದಕ್ಕೆ ಸಿಕ್ಕ ಉತ್ತರವು ಔರಾದ, ಭಾಲ್ಕಿಗಳ ಹೊಲದ ಬದುವಿನವರೆಗೂ ಬಂದು ಮುಟ್ಟಿತೆಂಬುದನ್ನು ಬಲ್ಲವರು ನಮ್ಮಲ್ಲಿ ಕಡಿಮೆ. ಅದನ್ನು ಸಹಪಾಠಿಗಳ ಮುಂದಿಡುವುದಕ್ಕಾಗಿ ಈ ಲೇಖನ.

ನಿಜಾಮರ ರಾಜ್ಯದಲ್ಲಿ ಭೂಮಿಯೆಲ್ಲ ಒಂದೇ ಬಗೆಯದಾಗಿರಲಿಲ್ಲ. ನೂರಕ್ಕೆ ಸುಮಾರು 60 ಭಾಗ ಖಾಲ್ಸಾ, ಎಂದರೆ ಸರಕಾರಿ ಕಂದಾಯದ ಭೂಮಿ; 10 ಭಾಗ ನಿಜಾಮರ ಸ್ವಂತದ ಸರ್ಫ್-ಎ-ಖಾಸ್; ಮಿಕ್ಕ 30 ಭಾಗ ಜಾಗೀರು, ಪಾಯಗಾ ಮುಂತಾದುವು. ಬೀದರ ಜಿಲ್ಲೆಯಲ್ಲಿ ಈ ಕೊನೆಯ ಬಗೆಯ ಊರುಗಳು ಬಹಳ. ತೆಲಂಗಾಣದ ನಲ್ಗೊಂಡ, ವರಂಗಲ್ ಜಿಲ್ಲೆಗಳಲ್ಲಿಯಾದರೋ ದೇಶಮುಖರ ಕೈಯಲ್ಲಿ ಸಾವಿರಾರು ಎಕರೆಗಳು ಕೂಡಿದ್ದವು. ಬಡವರು 'ವೆಟ್ಟಿ'ಗೆ, ನಮ್ಮ ಮಾತಿನಲ್ಲಿ ಬಿಟ್ಟಿ ದುಡಿಮೆಗೆ, ಸಿಕ್ಕಿ ಸವೆದಿದ್ದರು. ಆಂಧ್ರ ಮಹಾಸಭೆಯ ಮೂಲಕ ಕಮ್ಯುನಿಸ್ಟರು ಇವರನ್ನು ಸಂಘಟಿಸಿದರು. 1946ರ ಜುಲೈ 4ರಂದು ಕಡವೆಂಡಿ ಗ್ರಾಮದಲ್ಲಿ ದೇಶಮುಖರ ಆಳುಗಳು ಹಾರಿಸಿದ ಗುಂಡಿಗೆ ದೊಡ್ಡಿ ಕೊಮರಯ್ಯ ಬಲಿಯಾದಂದಿನಿಂದ ಕಿಚ್ಚು ಊರಿಂದೂರಿಗೆ ಹಬ್ಬಿತು. ಪಕ್ಷದವರ ಲೆಕ್ಕದಂತೆ ಸುಮಾರು 3,000 ಗ್ರಾಮಗಳಲ್ಲಿ ಅವರ ಆಡಳಿತ ನಡೆದು 10 ಲಕ್ಷ ಎಕರೆ ಭೂಮಿ ಹಂಚಿಕೆಯಾಯಿತು. ಪಕ್ಷದ ಲೆಕ್ಕವೆಂದು ತುಸು ತಗ್ಗಿಸಿ ಓದಿದರೂ ಅದು ಸಣ್ಣ ಮಾತಲ್ಲ.

ನಿಜಾಮ ಸರಕಾರವು 1946ರ ಕೊನೆಯಲ್ಲಿ ಪಕ್ಷವನ್ನು ನಿಷೇಧಿಸಿತು. ಸೋಜಿಗವೆಂದರೆ, 1948ರ ಮೇ ತಿಂಗಳಲ್ಲಿ ಭಾರತದೊಡನೆ ವಿರಸವು ವಿಕೋಪಕ್ಕೆ ಹೋದಾಗ ಅದೇ ಸರಕಾರ ಆ ನಿಷೇಧವನ್ನು ತಾನೇ ತೆಗೆದುಹಾಕಿತು. ಸಿದ್ಧಾಂತದ ಭಯಕ್ಕಿಂತ ಸಿಂಹಾಸನದ ಭಯವೇ ಅಲ್ಲಿ ಹೆಚ್ಚಾಗಿತ್ತೆಂದು ನನಗೆ ತೋರುತ್ತದೆ. ನಮ್ಮ ಜಿಲ್ಲೆಯಲ್ಲಿ ಆ ದಿನಗಳ ನೆನಪು ಕಮ್ಯುನಿಸ್ಟರದ್ದಲ್ಲ, ರಜಾಕಾರರದ್ದು. ಗೋರ್ಟಾ ಗ್ರಾಮದ ಹೆಸರನ್ನು ಕೇಳದವರು ಇಲ್ಲಿ ಯಾರಿದ್ದಾರೆ? ಪೋಲೀಸ್ ಕಾರ್ಯಾಚರಣೆಯ ಬೆನ್ನಿಗೆ ಮುಸಲ್ಮಾನರ ಮೇಲೆ ನಡೆದ ಹಿಂಸೆಯಲ್ಲಿ ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರವೂ ಒಂದೆಂದು ಸುಂದರಲಾಲ್ ಸಮಿತಿ ಹೇಳಿತು. ಆದರೆ ಅದು ಪ್ರತ್ಯೇಕವಾಗಿಯೇ ಬರೆಯತಕ್ಕ ವಿಷಯ.

1948ರ ಸೆಪ್ಟೆಂಬರ್ 13ರಂದು ಒಳಬಂದ ಭಾರತೀಯ ಸೇನೆಗೆ ನಿಜಾಮರು ಐದೇ ದಿನಗಳಲ್ಲಿ ಶರಣಾದರು. ಕಮ್ಯುನಿಸ್ಟರು ಮಾತ್ರ ಶಸ್ತ್ರವನ್ನು ಕೆಳಗಿಡಲಿಲ್ಲ. ಅದೇ ವರುಷ ಕಲಕತ್ತೆಯ ಅಧಿವೇಶನದಲ್ಲಿ ರಣದಿವೆಯವರ ನಾಯಕತ್ವದಲ್ಲಿ ಪಕ್ಷವು ಹೊಸ ಸ್ವತಂತ್ರ ಸರಕಾರದ ವಿರುದ್ಧವೇ ದಂಗೆಯ ಮಾರ್ಗವನ್ನು ಹಿಡಿದಿತ್ತು. ಸರಕಾರದ ಮೊದಲ ಉತ್ತರವು ಬಂದೂಕಿನದಾಯಿತು. ಸಾವಿರಾರು ಜನ ಸೆರೆಯಾದರು. ಕಾಡಂಚಿನ ಕೋಯ ಜನರನ್ನು ಅವರ ಹಾಡಿಗಳಿಂದ ಎಬ್ಬಿಸಿ ಶಿಬಿರಗಳಿಗೆ ಸಾಗಿಸಲಾಯಿತು. 1950ರಲ್ಲಿ ದೆಹಲಿಯ ಪಾರ್ಲಿಮೆಂಟು ಮುಂಜಾಗ್ರತಾ ಬಂಧನದ ಕಾಯಿದೆಯನ್ನು ಮಾಡಿತು. ನಮ್ಮ ರಾಜ್ಯಶಾಸ್ತ್ರದ ಪಾಠದಲ್ಲಿ ಬರುವ ಗೋಪಾಲನ್ ಮೊಕದ್ದಮೆಯು ಈ ಕಾಯಿದೆಯದೇ, ಎ. ಕೆ. ಗೋಪಾಲನ್ನರು ಮದರಾಸಿನಲ್ಲಿ ಸೆರೆಯಾಗಿದ್ದ ಕಮ್ಯುನಿಸ್ಟ್ ಮುಖಂಡರು.

ಪುಸ್ತಕಗಳು ಈ ಮೊದಲ ಉತ್ತರವನ್ನೇ ವಿಸ್ತಾರವಾಗಿ ಹೇಳುತ್ತವೆ. ನಮಗೆ ಸಂಬಂಧಪಟ್ಟದ್ದು ಎರಡನೆಯದು. ಹೈದರಾಬಾದಿನ ಸೈನಿಕ ಗವರ್ನರಾದ ಜನರಲ್ ಚೌಧರಿಯವರ ಆಡಳಿತದಲ್ಲಿಯೇ, ಇನ್ನೂ ಚುನಾಯಿತ ಶಾಸನಸಭೆ ಇಲ್ಲದಾಗ, ಸರ್ಫ್-ಎ-ಖಾಸ್ ಸರಕಾರದಲ್ಲಿ ವಿಲೀನವಾಯಿತು. 1949ರ ಆಗಸ್ಟಿನಲ್ಲಿ ಜಾಗೀರುಗಳು ರದ್ದಾದವು. 1950ರ ಗೇಣಿ ಕಾಯಿದೆಯು, ಗೊತ್ತಾದ ಅವಧಿಯಲ್ಲಿ ಆರು ವರುಷ ಎಡೆಬಿಡದೆ ಸಾಗುವಳಿ ಮಾಡಿದವನನ್ನು 'ಸಂರಕ್ಷಿತ ಗೇಣಿದಾರ'ನೆಂದು ಕರೆದು, ಮನಬಂದಂತೆ ಅವನನ್ನು ಹೊಲದಿಂದ ಹೊರಹಾಕಕೂಡದೆಂದು ಕಟ್ಟುಮಾಡಿತು. ಶತಮಾನಗಳಿಂದ ಅಲುಗಾಡದೆ ನಿಂತದ್ದು ಎರಡೇ ವರುಷಗಳಲ್ಲಿ ಉರುಳಿತು. ಒಬ್ಬ ಸೇನಾನಿಗೆ ರೈತನ ಗೇಣಿಯ ಚಿಂತೆಯೇಕೆ? ನಲ್ಗೊಂಡದ ಕಿಚ್ಚಿಲ್ಲದಿದ್ದರೆ ಇಷ್ಟು ಅವಸರವಾಗುತ್ತಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಜಪಾನಿನಲ್ಲಿ ಮೆಕಾರ್ಥರನ ಸೈನಿಕಾಡಳಿತವು 1946ರಿಂದ ಜಮೀನುದಾರರ ಭೂಮಿಯನ್ನು ಗೇಣಿದಾರರಿಗೆ ಕೊಡಿಸಿತು; ಚೀನವನ್ನು ಕಮ್ಯುನಿಸ್ಟರಿಗೆ ಕಳೆದುಕೊಂಡ ಚ್ಯಾಂಗ್ ಕೈಷೇಕನು ತೈವಾನಿನಲ್ಲಿ 1953ರಲ್ಲಿ ಅದನ್ನೇ ಮಾಡಿದನು.

ವಿನೋಬಾಜಿಯವರ ಭೂದಾನವೂ ಇದೇ ನೆಲದಲ್ಲಿ ಹುಟ್ಟಿತು. 1951ರ ಏಪ್ರಿಲ್ 18ರಂದು ನಲ್ಗೊಂಡ ಜಿಲ್ಲೆಯ ಪೋಚಂಪಲ್ಲಿಯಲ್ಲಿ ಹರಿಜನರು 80 ಎಕರೆ ಬೇಡಿದಾಗ ವೆದಿರೆ ರಾಮಚಂದ್ರ ರೆಡ್ಡಿಯವರು 100 ಎಕರೆ ಕೊಡುವುದಾಗಿ ಎದ್ದುನಿಂತರು. ಆ ವರುಷ ಅಕ್ಟೋಬರಿನಲ್ಲಿ ಪಕ್ಷವು ಹೋರಾಟವನ್ನು ಹಿಂತೆಗೆದುಕೊಂಡಿತು. 1952ರ ಚುನಾವಣೆಯಲ್ಲಿ ಅದೇ ಜನ ಪೀಪಲ್ಸ್ ಡೆಮಾಕ್ರಾಟಿಕ್ ಫ್ರಂಟ್ ಎಂಬ ಹೆಸರಿನಿಂದ ಮತ ಕೇಳಿದರು. ನಲ್ಗೊಂಡದ ರಾವಿ ನಾರಾಯಣ ರೆಡ್ಡಿಯವರು ನೆಹರೂರವರಿಗಿಂತಲೂ ಹೆಚ್ಚು ಮತ ಪಡೆದು ಲೋಕಸಭೆಗೆ ಹೋದರು.

ಇನ್ನು ಬೀದರಕ್ಕೆ ಬರೋಣ. ಗುಂಡಿನ ಉತ್ತರವು ನಮ್ಮ ಕಡೆಗೆ ಹೆಚ್ಚಾಗಿ ಬರಲಿಲ್ಲ. ಕಾಯಿದೆಯ ಉತ್ತರವು ಬಂದಿತು. ತೆಲಂಗಾಣದವರು ಪ್ರಾಣಕೊಟ್ಟು ಪಡೆದುದನ್ನು ನಮ್ಮ ರೈತರು ಗೆಜೆಟ್ಟಿನ ಮೂಲಕ ಪಡೆದರೆನ್ನಬಹುದು. ಪಡೆದರೇ? ಅರ್ಥಶಾಸ್ತ್ರಜ್ಞ ಎ. ಎಂ. ಖುಸ್ರೋ ಅವರು ಹೈದರಾಬಾದಿನ ಹಿಂದಿನ ಜಾಗೀರು ಪ್ರದೇಶಗಳನ್ನು ಪರಿಶೀಲಿಸಿ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಣ್ಣು ತೆರೆಸುವ ಅಂಕಿಗಳಿವೆ. 1951ರಲ್ಲಿ ಸಂರಕ್ಷಿತರಾದ ನೂರು ಗೇಣಿದಾರರಲ್ಲಿ ಮೂರ್ನಾಲ್ಕು ವರುಷಗಳಲ್ಲಿಯೇ ಹಾಗೆ ಉಳಿದವರು ಸುಮಾರು 45. ಹೊಲವನ್ನು ಕೊಂಡು ಒಡೆಯರಾದವರು 12. ಕಾಯಿದೆಗೆ ವಿರುದ್ಧವಾಗಿ ಹೊರಬಿದ್ದವರು 22. 'ಸ್ವಸಂತೋಷದಿಂದ' ಬಿಟ್ಟುಕೊಟ್ಟವರು 17.

ಈ ಹದಿನೇಳರ ಅರ್ಥ ನನಗೆ ಪುಸ್ತಕದಿಂದ ತಿಳಿದುದಲ್ಲ. ನನ್ನ ಅಜ್ಜನ ತಂದೆ ಬಟಾಯಿಯ ಮೇಲೆ ಹೊಲ ಮಾಡುತ್ತಿದ್ದರು; ಅಕ್ಷರ ಬಲ್ಲವರಲ್ಲ. ನಮ್ಮ ಮನೆಯ ಟ್ರಂಕಿನಲ್ಲಿ ಉರ್ದುವಿನಲ್ಲಿ ಬರೆದ ಒಂದು ಕಾಗದವಿದೆ. ಅದು ಹೊಲದ ಹಕ್ಕಿನ ಕಾಗದವೆಂದು ಮೂರು ತಲೆಮಾರು ನಂಬಿ, ಯುಗಾದಿಗೊಮ್ಮೆ ಬಿಸಿಲಿಗೆ ಹಾಕಿ, ಮತ್ತೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಕಳೆದ ವರುಷ ಬೀದರದ ಒಬ್ಬ ನಿವೃತ್ತ ಉರ್ದು ಮಾಸ್ತರರಿಂದ ನಾನು ಅದನ್ನು ಓದಿಸಿದೆ. ಅದು ರಾಜೀನಾಮೆ. ರಾಜಿಯಿಂದ, ಎಂದರೆ ಒಪ್ಪಿಗೆಯಿಂದ, ಹೊಲ ಬಿಟ್ಟಿದ್ದೇನೆಂಬ ಬರಹ, ಕೆಳಗೆ ಹೆಬ್ಬೆಟ್ಟು. ಅಜ್ಜನಿಗೆ ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾರ ಅಪ್ಪಗ ಏನ್ ಅಂತ ಹೇಳಿ ಒತ್ತಿಸಿಕೊಂಡಿದ್ರೋ" ಎಂದರು.

ಕಾಯಿದೆಯು ಒಂದೇ, ರಾಜ್ಯವೂ ಒಂದೇ. ಆದರೂ ಸಂರಕ್ಷಿತ ಗೇಣಿದಾರನನ್ನು ನೇರವಾಗಿ ಒಡೆಯನನ್ನಾಗಿ ಮಾಡುವ ಕಲಮು ತೆಲಂಗಾಣದಲ್ಲಿ ಮೊದಲು ಜಾರಿಗೆ ಬಂದುದು ಕಮ್ಯುನಿಸ್ಟರ ನೆಲೆಯಾಗಿದ್ದ ಖಮ್ಮಂ ಭಾಗದಲ್ಲಿ ಎಂಬುದನ್ನು ಗಮನಿಸಬೇಕು. ಭಯ ಎಲ್ಲಿತ್ತೋ ಅಲ್ಲಿ ಕಾಯಿದೆಗೆ ಕಾಲು ಬಂದವು. ನಮ್ಮ ಕಡೆ ಹೊಲದವನ ಪರವಾಗಿ ಆ ಉರ್ದು ಕಾಗದವನ್ನು ಓದಿ ಹೇಳುವ ಒಂದು ಸಂಘವೂ ಇರಲಿಲ್ಲ. 1956ರಲ್ಲಿ ಜಿಲ್ಲೆಯೇ ಮೂರು ಪಾಲಾಗಿ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ, ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೂ ಹೋದವು. ನಾವು ಮೈಸೂರಿಗೆ ಸೇರಿದೆವು. 1961ರಲ್ಲಿ ಮೈಸೂರು ಸರಕಾರ ಮಾಡಿದ ಭೂಸುಧಾರಣಾ ಕಾಯಿದೆಯು ಜಾರಿಗೆ ಬರಲು 1965ರ ಅಕ್ಟೋಬರ್ 2 ಆಯಿತು. ಆಗ ಯಾರಿಗೂ ಅವಸರವಿರಲಿಲ್ಲ.

ಅವಸರ ಮತ್ತೆ ಹುಟ್ಟಿದುದು 1967ರ ನಕ್ಸಲಬಾರಿಯ ತರುವಾಯ. 1969ರಲ್ಲಿ ಹಳ್ಳಿಗಾಡಿನ ಅಶಾಂತಿಗೆ ಭೂಮಿಯ ಹಂಚಿಕೆಯೇ ಮೂಲವೆಂದು ವರದಿ ಬರೆದದ್ದು ಕೇಂದ್ರದ ಕೃಷಿ ಖಾತೆಯಲ್ಲ, ಪೋಲೀಸು-ಬಂದೋಬಸ್ತು ನೋಡುವ ಗೃಹಖಾತೆ! ಮುಂದೆ ದೇವರಾಜ ಅರಸರ ಸರಕಾರವು ತಂದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಭೂಮಿಯೆಲ್ಲ ಸರಕಾರದ ವಶವಾಗಿ, ರಾಜ್ಯದಾದ್ಯಂತ 8 ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ನ್ಯಾಯಮಂಡಳಿಗಳಿಗೆ ಬಂದವು. ಅರಸರನ್ನು ಭಯವೊಂದೇ ಪ್ರೇರಿಸಿತೆಂದು ಹೇಳಿದರೆ ಅನ್ಯಾಯವಾದೀತು; ಅವರಿಗೆ ಹಿಂದುಳಿದವರ ಬೆಂಬಲವನ್ನು ಕಟ್ಟುವ ಉದ್ದೇಶವೂ ಇತ್ತು, ಕಳಕಳಿಯೂ ಇತ್ತು. ಆದರೆ ಆ ಕಾಯಿದೆಯ ಪ್ರಕಾರ ಅರ್ಜಿದಾರನು 1974ರ ಮಾರ್ಚ್ 1ಕ್ಕೆ ಮುಂಚಿತವಾಗಿ ಗೇಣಿದಾರನಾಗಿ ಹೊಲದ ಮೇಲೆ ಇರತಕ್ಕದ್ದು. ಇಪ್ಪತ್ತು ವರುಷಗಳ ಹಿಂದೆಯೇ ಹೆಬ್ಬೆಟ್ಟೊತ್ತಿ ಹೊಲ ಬಿಟ್ಟು ಕೂಲಿಗೆ ಹೊರಟವನಿಗೆ ತುಂಬಿಕೊಡಲು ಯಾವ ನಮೂನೆಯೂ ಅದರಲ್ಲಿರಲಿಲ್ಲ.